ಪೆನಾಲ್ಟಿ ಬ್ರೇಕ್: ರೈಲು ಆಟದಲ್ಲಿ ಗಾಡಿ ತಾನಾಗಿ ನಿಲ್ಲುವುದೇಕೆ?

ಚಾಲಕ ಬ್ರೇಕಿನ ಹಿಡಿಯನ್ನು ಮುಟ್ಟದಿದ್ದರೂ ಸುರಕ್ಷಾ ವ್ಯವಸ್ಥೆ ತಾನೇ ಹಾಕುವ ಬ್ರೇಕಿಗೆ ಪೆನಾಲ್ಟಿ ಬ್ರೇಕ್ ಎನ್ನುತ್ತಾರೆ. ರೈಲು ಸಿಮ್ಯುಲೇಟರ್ ಆಟಗಳಿಗೆ ಹೊಸದಾಗಿ ಬಂದವರು ಇದನ್ನು ಆಟದ ದೋಷವೆಂದೇ ತಿಳಿಯುತ್ತಾರೆ. ಗಾಡಿ ಚೆನ್ನಾಗಿ ಓಡುತ್ತಿರುತ್ತದೆ, ಎಲ್ಲಿಂದಲೋ ಒಂದು ಸದ್ದು ಬರುತ್ತದೆ, ಎಂಜಿನ್ನಿನ ಎಳೆತ ಕಡಿದುಹೋಗುತ್ತದೆ, ಒತ್ತಡಮಾಪಕದ ಮುಳ್ಳು ಸರ್ರನೆ ಇಳಿಯುತ್ತದೆ. ಆಮೇಲೆ ಥ್ರಾಟಲ್ಲನ್ನು (ಎಂಜಿನ್ನಿನ ಎಳೆತ ಹೆಚ್ಚಿಸುವ ಹಿಡಿ) ಎಷ್ಟೇ ಎಳೆದಾಡಿದರೂ ಗಾಡಿ ಜಪ್ಪಯ್ಯ ಎಂದರೂ ಕದಲುವುದಿಲ್ಲ.

ರೈಲಿನ ಬ್ರೇಕ್ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗಾಡಿಯ ಉದ್ದಕ್ಕೂ ಹಾದಿರುವ ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ತುಂಬಿರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿದರೆ ಹಿಡಿಯುತ್ತದೆ. ಯುರೋಪಿನ ಗಾಡಿಗಳಲ್ಲಿ ಈ ಒತ್ತಡ 5 ಬಾರ್. ಹೀಗಾಗಿ ಸುರಕ್ಷಾ ವ್ಯವಸ್ಥೆ ಒಂದು ಕವಾಟ ತೆರೆದು ಗಾಳಿಯನ್ನು ಹೊರಬಿಟ್ಟರೆ ಸಾಕು, ಇಡೀ ಗಾಡಿಗೆ ಬ್ರೇಕ್ ಬೀಳುತ್ತದೆ.

ಅದು ಯಾವಾಗ ಬೀಳಬೇಕು ಎಂಬುದು ದೇಶದಿಂದ ದೇಶಕ್ಕೆ, ಎಂಜಿನ್ನಿನಿಂದ ಎಂಜಿನ್ನಿಗೆ ಬದಲಾಗುತ್ತದೆ. ಎಲ್ಲಕ್ಕಿಂತ ಸರಳವಾದದ್ದು, ಚಾಲಕ ಎಚ್ಚರವಾಗಿದ್ದಾನೆಯೇ ಎಂದು ಆಗಾಗ ಕೇಳುವ ಸಾಧನ. ಜರ್ಮನಿಯಲ್ಲಿ ಈ ಸಾಧನಕ್ಕೆ ಸಿಫಾ ಎನ್ನುತ್ತಾರೆ. ಅದರಲ್ಲಿ ಚಾಲಕ ಕಾಲಡಿಯ ಪೆಡಲನ್ನು ಒತ್ತಿ ಹಿಡಿದಿರಬೇಕು. ಅದನ್ನು 30 ಸೆಕೆಂಡಿಗೊಮ್ಮೆಯಾದರೂ ಬಿಟ್ಟು ಮತ್ತೆ ಒತ್ತದಿದ್ದರೆ ಮೊದಲು ದೀಪ, ಬಳಿಕ ಸದ್ದು, ಆಮೇಲೆ ಬ್ರೇಕ್. ಅಮೆರಿಕದ ಎಂಜಿನ್ನುಗಳಲ್ಲಿರುವ ಇಂಥದೇ ಸಾಧನ, ಅಲರ್ಟರ್, ಇಷ್ಟು ಕಟ್ಟುನಿಟ್ಟಲ್ಲ. ಥ್ರಾಟಲ್ ಅಥವಾ ಬ್ರೇಕ್ ಹಿಡಿಯನ್ನು ಅಲುಗಿಸಿದರೂ ಚಾಲಕ ಎಚ್ಚರವಾಗಿದ್ದಾನೆ ಎಂದು ಒಪ್ಪಿಕೊಳ್ಳುತ್ತದೆ.

ಎರಡನೆಯ ಬಗೆಯದು ಸಿಗ್ನಲ್ಲಿಗೆ ಸಂಬಂಧಿಸಿದ್ದು. ಬ್ರಿಟನ್ನಿನ ಎಡಬ್ಲ್ಯುಎಸ್ (ಆಟೊಮ್ಯಾಟಿಕ್ ವಾರ್ನಿಂಗ್ ಸಿಸ್ಟಂ, ತಾನಾಗಿ ಎಚ್ಚರಿಸುವ ವ್ಯವಸ್ಥೆ) ಇದರ ಹಳೆಯ ಮಾದರಿ. ಸಿಗ್ನಲ್ಲಿಗೆ ಸುಮಾರು 180 ಮೀಟರ್ ಮುಂಚೆ ಹಳಿಗಳ ನಡುವೆ ಅಯಸ್ಕಾಂತಗಳಿರುತ್ತವೆ. ಸಿಗ್ನಲ್ ಹಸಿರಾಗಿದ್ದರೆ ಕ್ಯಾಬಿನಲ್ಲಿ ಗಂಟೆ, ಇಲ್ಲದಿದ್ದರೆ ಹಾರ್ನ್. ಹಾರ್ನ್ ಕೇಳಿದ ಎರಡು ಮೂರು ಸೆಕೆಂಡುಗಳೊಳಗೆ ಗುಂಡಿ ಒತ್ತಬೇಕು. ಟ್ರೈನ್ ಸಿಮ್ ವರ್ಲ್ಡ್ ಆಡುವವರಿಗೆ ಕಂಪ್ಯೂಟರಿನಲ್ಲಿ ಇದು ಕ್ಯೂ ಕೀಲಿ. ಒತ್ತಿದರೆ ಹಾರ್ನ್ ನಿಲ್ಲುತ್ತದೆ, ಮುಂದಿನ ದುಂಡು ಸೂಚಕದಲ್ಲಿ ಹಳದಿ-ಕಪ್ಪು ಪಟ್ಟೆಗಳು ಮೂಡುತ್ತವೆ. ‘ಎಚ್ಚರಿಕೆ ಕೇಳಿಸಿಕೊಂಡಿದ್ದೇನೆ, ಇನ್ನು ಹೊಣೆ ನನ್ನದು’ ಎಂದು ಚಾಲಕ ಒಪ್ಪಿಕೊಂಡ ಗುರುತು ಅದು.

ಆಟಗಾರರು ಎಡವುವುದು ಇಲ್ಲಿಯೇ. ನೊಣ ಓಡಿಸಿದಂತೆ ಕ್ಯೂ ಒತ್ತಿ ಅದೇ ವೇಗದಲ್ಲಿ ಮುಂದೆ ಹೋಗುತ್ತಾರೆ. ಜೋಡಿ ಹಳದಿಗೂ ಒಂಟಿ ಹಳದಿಗೂ ಕೆಂಪಿಗೂ ಹಾರ್ನ್ ಒಂದೇ. ಗುಂಡಿ ಒತ್ತಿದ ಮೇಲೆ ಚಾಲಕ ನಿಜವಾಗಿ ವೇಗ ಇಳಿಸಿದನೇ ಎಂದು ಎಡಬ್ಲ್ಯುಎಸ್ ನೋಡುವುದೇ ಇಲ್ಲ. ಇದು ಆಟದ ಕೊರತೆಯಲ್ಲ, ಆ ವ್ಯವಸ್ಥೆಯದೇ ಮಿತಿ. 1989ರ ಮಾರ್ಚ್‌ನಲ್ಲಿ ಲಂಡನ್ನಿನ ದಕ್ಷಿಣದ ಪರ್ಲಿಯಲ್ಲಿ ಗಾಡಿಯೊಂದು ಕೆಂಪು ಸಿಗ್ನಲ್ ದಾಟಿ ಮುಂದಿನ ಗಾಡಿಗೆ ಗುದ್ದಿ ಐವರು ಸತ್ತರು. 1999ರ ಅಕ್ಟೋಬರ್‌ನಲ್ಲಿ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ಮತ್ತೊಂದು ಗಾಡಿ ಕೆಂಪು ದಾಟಿದಾಗ 31 ಜನ ಸತ್ತರು. ಎರಡೂ ಕಡೆ ಎಡಬ್ಲ್ಯುಎಸ್ ಇತ್ತು.

ಆ ಕೊರತೆಯನ್ನು ತುಂಬಲು 2003ರ ಕೊನೆಯ ಹೊತ್ತಿಗೆ ಬ್ರಿಟನ್ನಿನ ಮುಖ್ಯ ಜಾಗಗಳಿಗೆಲ್ಲ ಟಿಪಿಡಬ್ಲ್ಯುಎಸ್ (ಟ್ರೈನ್ ಪ್ರೊಟೆಕ್ಷನ್ ಅಂಡ್ ವಾರ್ನಿಂಗ್ ಸಿಸ್ಟಂ) ಬಂತು. ಅದು ಗುಂಡಿಗೆ ಮರುಳಾಗುವುದಿಲ್ಲ. ಹಳಿಯಲ್ಲಿ ಒಂದರ ಮುಂದೊಂದು ಎರಡು ಲೂಪ್‌ಗಳಿರುತ್ತವೆ. ಮೊದಲನೆಯದನ್ನು ದಾಟಿದಾಗ ಗಡಿಯಾರ ಶುರುವಾಗುತ್ತದೆ, ಅದು ಮುಗಿಯುವ ಮೊದಲೇ ಎರಡನೆಯದಕ್ಕೆ ಬಂದರೆ ವೇಗ ಹೆಚ್ಚಾಗಿದೆ ಎಂದರ್ಥ, ಬ್ರೇಕ್ ಬೀಳುತ್ತದೆ. ಕೊನೆಯ ನಿಲ್ದಾಣದ ಬಫರ್ ಮುಂದೆಯೂ ಇದು ಇರುವುದರಿಂದ, ಇಡೀ ದಾರಿ ತಪ್ಪಿಲ್ಲದೆ ಓಡಿಸಿದವರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿ ಗಂಟೆಗೆ 10 ಮೈಲಿ ಮೀರದಿದ್ದರೆ ಕ್ಷೇಮ.

ಹಳಿಯ ಅಯಸ್ಕಾಂತಗಳ ಮೂಲಕ ಗಾಡಿಯ ವೇಗದ ಮೇಲೆ ನಿಗಾ ಇಡುವ ಜರ್ಮನಿಯ ವ್ಯವಸ್ಥೆ ಪಿಝಡ್‌ಬಿ ಇವೆಲ್ಲಕ್ಕಿಂತ ಕಟ್ಟುನಿಟ್ಟು. ನನಗೆ ಕೇಳಿದರೆ, ಆಡಲು ಅತ್ಯಂತ ರುಚಿಕರವಾದದ್ದೂ ಅದೇ. ಮುನ್ಸೂಚನೆಯ ಸಿಗ್ನಲ್ ಹಳದಿಯಾಗಿದ್ದರೆ 1000 ಹರ್ಟ್ಸ್‌ನ ಹಳಿ ಅಯಸ್ಕಾಂತ ಕೆಲಸ ಮಾಡುತ್ತದೆ. ಕೂಡಲೇ ‘ವಾಖ್‌ಸಾಮ್’ (ಎಚ್ಚರ) ಗುಂಡಿ ಒತ್ತಬೇಕು. ಅಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ವೇಗದ ಪ್ರಯಾಣಿಕರ ಗಾಡಿ 23 ಸೆಕೆಂಡುಗಳೊಳಗೆ ಗಂಟೆಗೆ 85 ಕಿ.ಮೀ.ಗೆ ಇಳಿದಿರಬೇಕು. ಕೆಂಪು ಸಿಗ್ನಲ್ಲಿಗೆ ಸುಮಾರು 250 ಮೀಟರ್ ಇರುವಾಗ 500 ಹರ್ಟ್ಸ್‌ನ ಅಯಸ್ಕಾಂತ ಎದುರಾಗುತ್ತದೆ. ಅಲ್ಲಿ ವೇಗ 65ರ ಒಳಗಿರಬೇಕು, ಮುಂದಿನ 153 ಮೀಟರಿನಲ್ಲಿ 45ಕ್ಕೆ ಬಂದಿರಬೇಕು. ಕೆಂಪನ್ನೇ ದಾಟಿದರೆ 2000 ಹರ್ಟ್ಸ್, ತಕ್ಷಣ ಬ್ರೇಕ್.

ಹೊಸಬರನ್ನು ಹೆಚ್ಚು ಕಾಡುವುದು ಇದರ ನಡುವೆ ನಿಲ್ದಾಣ ಬಂದಾಗ. 1000 ಹರ್ಟ್ಸ್‌ನ ನಿಗಾ ಜಾರಿಯಲ್ಲಿರುವಾಗಲೇ ಗಾಡಿ ನಿಂತರೆ ಮಿತಿ ಗಂಟೆಗೆ 45 ಕಿ.ಮೀ.ಗೆ ಇಳಿಯುತ್ತದೆ. 70 ಮತ್ತು 85 ಎಂದು ಬರೆದ ನೀಲಿ ದೀಪಗಳು ಒಂದಾದ ಮೇಲೊಂದು ಮಿನುಗುವುದು ಇದಕ್ಕೇ. ಅದನ್ನು ಗಮನಿಸದೆ, ಸಿಗ್ನಲ್ ಹಸಿರಾಯಿತಲ್ಲ ಎಂದು ವೇಗ ಏರಿಸಿದರೆ 50 ಮುಟ್ಟುವಷ್ಟರಲ್ಲಿ ಬ್ರೇಕ್ ಬಿದ್ದಿರುತ್ತದೆ. 700 ಮೀಟರ್ ಕಳೆದು 1000 ಹರ್ಟ್ಸ್‌ನ ಹಳದಿ ದೀಪ ಆರಿದ ಮೇಲೆ ‘ಫ್ರೈ’ (ಮುಕ್ತ) ಗುಂಡಿ ಒತ್ತಿ ಬಿಡುಗಡೆ ಪಡೆಯಬಹುದು. ಸುಮ್ಮನಿದ್ದರೆ 1250 ಮೀಟರಿಗೆ ತಾನಾಗಿಯೇ ಬಿಡುತ್ತದೆ. ಮುಂದಿನ ಸಿಗ್ನಲ್ ಕಣ್ಣಿಗೆ ಬೀಳದೆ ಆತುರದಿಂದ ‘ಫ್ರೈ’ ಒತ್ತಬಾರದು. ಬಿಡುಗಡೆ ಪಡೆದವರಿಗೆ ಆ 1250 ಮೀಟರಿನೊಳಗೆ 500 ಹರ್ಟ್ಸ್ ಎದುರಾದರೆ ವೇಗ ಎಷ್ಟೇ ಇರಲಿ, ಬ್ರೇಕ್ ಬೀಳುತ್ತದೆ.

ಬ್ರೇಕ್ ಬಿದ್ದ ಮೇಲೆ ಕೀಲಿಗಳನ್ನೆಲ್ಲ ಒತ್ತಿ ಪರದಾಡುವುದಕ್ಕಿಂತ ಥ್ರಾಟಲ್ಲನ್ನು ಸೊನ್ನೆಗೆ ತಂದು ಗಾಡಿ ಪೂರ್ತಿ ನಿಲ್ಲುವವರೆಗೆ ಕಾಯುವುದೇ ಸರಿ. ಹಲವು ಎಂಜಿನ್ನುಗಳಲ್ಲಿ ಬ್ರೇಕ್ ಹಿಡಿಯನ್ನೂ ಪೂರ್ತಿ ಹಾಕಿದ ಸ್ಥಾನಕ್ಕೆ ತರದೆ ವ್ಯವಸ್ಥೆ ಮರಳಿ ಸಜ್ಜಾಗುವುದಿಲ್ಲ. ನಿಂತ ಮೇಲೆ ಎಚ್ಚರಿಕೆಯ ಗುಂಡಿ, ಪಿಝಡ್‌ಬಿ ಆದರೆ ‘ಫ್ರೈ’. ಟಿಪಿಡಬ್ಲ್ಯುಎಸ್ ಸಾಮಾನ್ಯವಾಗಿ ಸುಮಾರು ಒಂದು ನಿಮಿಷ ಹಿಡಿದೇ ಇರುತ್ತದೆ, ಆ ಹೊತ್ತಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಆಮೇಲೆ ಬ್ರೇಕ್ ಬಿಟ್ಟು ಮುಳ್ಳು ಮತ್ತೆ ಏರುವುದನ್ನು ನೋಡಬೇಕು. ಪ್ರಯಾಣಿಕರ ಗಾಡಿಯಲ್ಲಿ ಇದು ಬೇಗ ಆಗುತ್ತದೆ. ಉದ್ದದ ಸರಕು ಗಾಡಿಯಲ್ಲಿ ಕೊನೆಯ ವ್ಯಾಗನ್ನಿನವರೆಗೆ ಗಾಳಿ ತುಂಬಲು ಹಲವು ನಿಮಿಷಗಳೇ ಬೇಕು. ಅಷ್ಟರೊಳಗೆ ಥ್ರಾಟಲ್ ಎಳೆದರೆ ಮುಂದಿನ ವ್ಯಾಗನ್ನುಗಳು ಹೊರಡುತ್ತವೆ, ಹಿಂದಿನವು ಬ್ರೇಕ್ ಹಿಡಿದೇ ನಿಂತಿರುತ್ತವೆ. ಆಟ ಅಷ್ಟರ ಮಟ್ಟಿಗೆ ನೈಜವಾಗಿದ್ದರೆ, ನಡುವೆ ಎಲ್ಲೋ ಕೊಂಡಿ ಕಿತ್ತುಹೋಗುತ್ತದೆ.