ಪ್ಲೇಟ್ಲೆಟ್ ಇರಲಿ, ಪಿಸಿವಿ ಎಷ್ಟಿದೆ?

ಪ್ಲೇಟ್ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ, ಅಂದ ಕೂಡಲೇ ನಮ್ಮ ಜನಕ್ಕೆ ಡೆಂಗೀ ನೆನಪಾಗುತ್ತದೆ. 'ನಿನ್ನೆ ಎಂಬತ್ತು ಸಾವಿರ ಇತ್ತು, ಇವತ್ತು ಅರವತ್ತಕ್ಕೆ ಇಳಿದಿದೆ' ಅಂತ ಮಳೆಗಾಲದಲ್ಲಿ ಮನೆಮನೆಯಲ್ಲೂ ಲೆಕ್ಕ. ಅದಕ್ಕೇ ಇರಬೇಕು, ರಕ್ತಕಣಗಳ ಲೆಕ್ಕ ಕೊಡುವ ಸಿಬಿಸಿ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಪ್ಲೇಟ್ಲೆಟ್ ಸಾಲನ್ನು. ರಕ್ತದ ಕಾಯಿಲೆ ನೋಡುವ ನಾನು ಹುಡುಕುವ ಸಾಲು ಬೇರೆ. ಅದು ಪಿಸಿವಿ. ಕೆಲವು ಲ್ಯಾಬ್‌ನವರು ಹೆಮಟೋಕ್ರಿಟ್ ಅಂತ ಬರೆಯುತ್ತಾರೆ. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಪಾಲು ಜಾಗ ಹಿಡಿದಿವೆ ಅನ್ನುವ ಲೆಕ್ಕ ಅದು.

ಒಂದೇ ದಿನ ಇಬ್ಬರು ಬಂದಿದ್ದರು. ಮೊದಲನೆಯವರು ಮೂವತ್ತು ದಾಟಿದ ಹೆಣ್ಣುಮಗಳು. ಪ್ಲೇಟ್ಲೆಟ್ 8.9 ಲಕ್ಷ. 'ನಾಲ್ಕೂವರೆ ದಾಟಬಾರದು ಅಲ್ವಾ ಡಾಕ್ಟ್ರೇ? ಬ್ಲಡ್ ಕ್ಯಾನ್ಸರ್ರಾ?' ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ ಪಾಪ. ಅವರ ಹಿಮೋಗ್ಲೋಬಿನ್ 7.8, ತುಂಬ ಕಡಿಮೆ. ಮುಟ್ಟಿನಲ್ಲಿ ತುಂಬ ರಕ್ತ ಹೋಗುತ್ತಿತ್ತು. ಕಬ್ಬಿಣದ ಅಂಶ ಕಡಿಮೆಯಾದಾಗಲೂ ಪ್ಲೇಟ್ಲೆಟ್ ಏರುತ್ತದೆ. ಕಬ್ಬಿಣದ ಮಾತ್ರೆ ಕೊಟ್ಟೆ, ಮುಟ್ಟಿನ ತೊಂದರೆ ತೋರಿಸಿಕೊಳ್ಳಲು ಕಳಿಸಿದೆ. ಮೂರು ತಿಂಗಳಲ್ಲಿ 3.4 ಲಕ್ಷಕ್ಕೆ ಇಳಿಯಿತು.

ಎರಡನೆಯವರು ಅಡಿಕೆ ತೋಟದವರು, 54 ವರ್ಷ. ಪ್ಲೇಟ್ಲೆಟ್ 5.2 ಲಕ್ಷ, ಅಂಥದ್ದೇನಲ್ಲ. ಹಿಮೋಗ್ಲೋಬಿನ್ 18.6, ಪಿಸಿವಿ 56, ಎರಡೂ ಜಾಸ್ತಿ. 'ರಕ್ತ ಚೆನ್ನಾಗಿದೆ ಅಂದ್ರು ಸಾರ್' ಅಂತ ಖುಷಿಯಲ್ಲೇ ಇದ್ದರು. ಅವರು ಬಂದದ್ದು ಮೈ ಕಡಿತಕ್ಕೆ. ಬಿಸಿನೀರಿನ ಸ್ನಾನ ಮುಗಿದ ಹತ್ತು ನಿಮಿಷಕ್ಕೆ ಮೈಯೆಲ್ಲ ಕಡಿತ. ಹೆಂಡತಿ ಮೂರು ಸಲ ಸೋಪು ಬದಲಾಯಿಸಿದ್ದರು. ಕಾಲಿನ ಬೆರಳು ಕೆಂಪಾಗಿ ಉರಿಯುತ್ತಿದ್ದವು, ರಾತ್ರಿ ತಣ್ಣನೆ ನೆಲಕ್ಕೆ ಪಾದ ಊರಿ ಕೂರುತ್ತಿದ್ದರಂತೆ.

ಬೀಡಿ ಸಿಗರೇಟು ಸೇದುವವರಲ್ಲಿ, ಜೋರು ಗೊರಕೆಯ ಜೊತೆ ಉಸಿರು ಕಟ್ಟುವವರಲ್ಲಿ, ಶ್ವಾಸಕೋಶದ ಕಾಯಿಲೆಯವರಲ್ಲಿ ಪಿಸಿವಿ ಏರಬಹುದು. ಭೇದಿಯಾಗಿ ನೀರು ಕಡಿಮೆಯಾದಾಗಲೂ ಏರುತ್ತದೆ. ಇವರಿಗೆ ಅದ್ಯಾವುದೂ ಇರಲಿಲ್ಲ. ಜಾಕ್2 ಅನ್ನುವ ಜೀನಿನ ಬದಲಾವಣೆ ಹುಡುಕುವ ಪರೀಕ್ಷೆ ಪಾಸಿಟಿವ್ ಬಂತು. ಕಾಯಿಲೆಯ ಹೆಸರು ಪಾಲಿಸೈಥೀಮಿಯಾ ವೇರಾ. ಸ್ನಾನದ ನಂತರದ ಕಡಿತ, ಕಾಲುರಿ ಎರಡೂ ಅದರದ್ದೇ. ಮೂಳೆಯೊಳಗಿನ ಮಜ್ಜೆ ತಡೆಯಿಲ್ಲದೆ ಕಣ ತಯಾರಿಸುತ್ತದೆ, ಅದರಲ್ಲೂ ಕೆಂಪು ಕಣ. 2005ರಲ್ಲಿ ಪತ್ತೆಯಾದ ಈ ಜಾಕ್2 ಬದಲಾವಣೆ ಇಂಥ ರೋಗಿಗಳಲ್ಲಿ ನೂರಕ್ಕೆ ಸುಮಾರು 95 ಜನರಲ್ಲಿ ಸಿಗುತ್ತದೆ. ಹುಟ್ಟಿನಿಂದ ಬಂದದ್ದಲ್ಲ, ನಡುವೆ ಮಜ್ಜೆಯಲ್ಲಿ ಆದದ್ದು.

ಪಿಸಿವಿ ಮೇಲೆ ನನಗೇಕೆ ಇಷ್ಟು ಕಣ್ಣು? ಬೆಲ್ಲದ ಪಾಕ ನೋಡಿದ್ದೀರಲ್ಲ. ತುಂಬ ಹೊತ್ತು ತೆಳ್ಳಗೇ ಇರುತ್ತದೆ, ಆಮೇಲೆ ನೋಡನೋಡುತ್ತಲೇ ಎಳೆ ಬಂದುಬಿಡುತ್ತದೆ. ರಕ್ತವೂ ಹಾಗೇ. ಪಿಸಿವಿ ಏರಿದಷ್ಟೂ ಗಟ್ಟಿಯಾಗುವ ವೇಗವೂ ಏರುತ್ತದೆ. ಹರಿವು ನಿಧಾನವಾಗುತ್ತದೆ. ನಾಳದ ನಡುವೆ ಕೆಂಪು ಕಣಗಳೇ ತುಂಬಿ ಪ್ಲೇಟ್ಲೆಟ್‌ಗಳನ್ನು ಗೋಡೆಯ ಕಡೆಗೆ ತಳ್ಳುತ್ತವೆ. ಹೆಪ್ಪುಗಟ್ಟಲು ಅಷ್ಟು ಸಾಕು. ಮಿದುಳು, ಹೃದಯ, ಕಾಲು ಎಲ್ಲಾದರೂ ಆಗಬಹುದು. ಯಕೃತ್ತಿನ ರಕ್ತನಾಳ ಕಟ್ಟಿಕೊಂಡು ಹೊಟ್ಟೆ ಉಬ್ಬಿ ಬಂದ ಮೇಲೆ ಈ ಕಾಯಿಲೆ ಗೊತ್ತಾದವರೂ ಇದ್ದಾರೆ.

ಇಟಲಿಯಲ್ಲಿ ಇದೇ ಕಾಯಿಲೆಯ 365 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಪಿಸಿವಿ 45ಕ್ಕಿಂತ ಕೆಳಗಿಡುವ ಗುರಿ, ಇನ್ನೊಂದರದ್ದು 45ರಿಂದ 50. ಹೃದಯ-ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪು ಸೇರಿ ಮೊದಲ ಗುಂಪಿನಲ್ಲಿ ನೂರಕ್ಕೆ 2.7, ಎರಡನೆಯದರಲ್ಲಿ 9.8. ಪಿಸಿವಿಯಲ್ಲಿ ಐದೇ ಅಂಕಿಯ ವ್ಯತ್ಯಾಸ ನೋಡಿ.

ಪ್ಲೇಟ್ಲೆಟ್ ಇಷ್ಟು ನೇರ ಅಲ್ಲ. ಅದೇ ಮುಖ್ಯವಾಗಿ ಏರುವ ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ ಅನ್ನುವ ಕಾಯಿಲೆಯಲ್ಲೂ ಅಪಾಯ ಅಳೆಯುವಾಗ ನಾವು ನೋಡುವುದು ವಯಸ್ಸು 60 ದಾಟಿದೆಯಾ, ಹಿಂದೆ ಹೆಪ್ಪುಗಟ್ಟಿತ್ತಾ, ಜಾಕ್2 ಇದೆಯಾ ಅಂತ. ಇನ್ನೊಂದು ತಮಾಷೆ ಕೇಳಿ. ಪ್ಲೇಟ್ಲೆಟ್ ಹತ್ತು ಲಕ್ಷ ದಾಟಿದರೆ ಕೆಲವರಿಗೆ ಉಲ್ಟಾ ವಸಡಿನಿಂದ, ಮೂಗಿನಿಂದ ರಕ್ತ ಸೋರುತ್ತದೆ. ರಕ್ತ ನಿಲ್ಲಿಸುವ ವಾನ್ ವಿಲ್ಲೆಬ್ರಾಂಡ್ ಅನ್ನುವ ಪ್ರೋಟೀನನ್ನು ಆ ಪ್ಲೇಟ್ಲೆಟ್‌ಗಳೇ ಖಾಲಿ ಮಾಡುತ್ತವೆ. ಪ್ಲೇಟ್ಲೆಟ್ ಅಂಟಿಕೊಳ್ಳದಂತೆ ತಡೆಯುವ ಆಸ್ಪಿರಿನ್ ಅಂಥವರಿಗೆ ಸುಮ್ನೆ ಕೊಟ್ಟರೆ ರಕ್ತಸ್ರಾವ ಜಾಸ್ತಿಯಾಗಬಹುದು. ಇದನ್ನು ಓದಿ ನೀವೇ ಮಾತ್ರೆ ಶುರು ಮಾಡಬೇಡಿ, ದಯವಿಟ್ಟು.

ತೋಟದವರಿಗೆ ಸಣ್ಣ ಡೋಸಿನ ಆಸ್ಪಿರಿನ್ ಬರೆದೆ. ಕಾಲುರಿ ವಾರದೊಳಗೆ ಇಳಿಯಿತು. ಜೊತೆಗೆ ಪಿಸಿವಿ ಇಳಿಸಲು ರಕ್ತ ತೆಗೆಯುವುದು. ರಕ್ತದಾನದ ಹಾಗೆಯೇ, 350 ಮಿಲಿ. ಆದರೆ ಆ ಚೀಲ ಯಾರಿಗೂ ಕೊಡುವುದಿಲ್ಲ, ಬಿಸಾಡುತ್ತೇವೆ. ಮೊದಲ ದಿನ ಟ್ಯೂಬಿನಲ್ಲಿ ರಕ್ತ ಎಷ್ಟು ನಿಧಾನ ಇಳಿಯಿತೆಂದರೆ ನರ್ಸ್ ಎರಡು ಸಲ ಸೂಜಿ ಸರಿ ಮಾಡಿದರು. ಅರವತ್ತು ದಾಟಿದ್ದರೆ ಅಥವಾ ಒಮ್ಮೆ ಹೆಪ್ಪುಗಟ್ಟಿದ್ದರೆ ಮಜ್ಜೆಯ ಕಣ ತಯಾರಿ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನೂ ಸೇರಿಸುತ್ತಿದ್ದೆ.

ಮೂರನೇ ಸಲ ಬಂದಾಗ ಪಿಸಿವಿ ಇಳಿಯುವ ಬದಲು ಏರಿತ್ತು. ಕೇಳಿದರೆ, 'ಇಷ್ಟು ರಕ್ತ ತೆಗೀತಾರಲ್ಲ, ಸುಸ್ತಾಗುತ್ತೆ' ಅಂತ ಸೊಸೆ ದಿನಾ ಕಬ್ಬಿಣದ ಟಾನಿಕ್ ಕೊಡುತ್ತಿದ್ದಳು. ಅವಳ ತಪ್ಪಲ್ಲ, ನಾನೇ ಮೊದಲು ಹೇಳಬೇಕಿತ್ತು. ರಕ್ತ ತೆಗೆದು ಕಬ್ಬಿಣ ಕಡಿಮೆ ಮಾಡುವುದೂ ಈ ಚಿಕಿತ್ಸೆಯ ಭಾಗ. ಟಾನಿಕ್ ಅಂದರೆ ಮಜ್ಜೆಯ ಕಾರ್ಖಾನೆಗೆ ಮತ್ತೆ ಕಚ್ಚಾಮಾಲು.

ಹೋದ ತಿಂಗಳು ಸೊಸೆಯೇ ರಿಪೋರ್ಟ್ ಹಿಡಿದು ಬಂದಿದ್ದಳು. 'ಪ್ಲೇಟ್ಲೆಟ್ 6.1 ಆಗಿದೆ ಸಾರ್, ಜಾಸ್ತಿ ಆಯ್ತಲ್ಲ?' ಕಬ್ಬಿಣ ಇಳಿದಾಗ ಹಾಗಾಗುತ್ತದಮ್ಮ, ಪಿಸಿವಿ ಓದು ಅಂದೆ. 43. ಮಾವನವರು ಪಕ್ಕದಲ್ಲಿ ಮೊಣಕೈ ತುರಿಸಿಕೊಳ್ಳುತ್ತಿದ್ದರು. ಕಡಿತ ಮಾತ್ರ ಇನ್ನೂ ಹೋಗಿಲ್ಲ.