ಊರ ನಡುವೆ, ನೆಲದಡಿ, ಕಂಬವಿಲ್ಲದ ಹಾಲ್

ಸ್ಯಾನ್ ಫ್ರಾನ್ಸಿಸ್ಕೋದ ಮಾಸ್ಕೋನಿ ಸೆಂಟರ್ ಎಂಬ ಸಮ್ಮೇಳನ ಕೇಂದ್ರ ಬೆಂಗಳೂರಿನ ಐಟಿ ಮಂದಿಗೆ ಹೊಸದಲ್ಲ. 2007ರ ಜನವರಿಯಲ್ಲಿ ಮೊದಲ ಐಫೋನ್ ತೋರಿಸಿದ್ದು ಅದರ ಪಶ್ಚಿಮದ ಕಟ್ಟಡದಲ್ಲೇ. ಕಾನ್ಫರೆನ್ಸ್‌ಗೆ ಹೋಗಿ ಟೀ ಶರ್ಟು ತಂದವರಲ್ಲಿ ಎಷ್ಟು ಜನ ದಕ್ಷಿಣದ ಹಾಲ್‌ನಲ್ಲಿ ತಲೆ ಎತ್ತಿ ನೋಡಿದ್ದಾರೋ ಗೊತ್ತಿಲ್ಲ. 1981ರಲ್ಲಿ ತೆರೆದ ಆ ಹಾಲ್ ನೆಲದ ಕೆಳಗಿದೆ. ಸುಮಾರು 84 ಮೀಟರ್ ಅಗಲ, ನಡುವೆ ಒಂದೇ ಒಂದು ಕಂಬವಿಲ್ಲ.

ನೆಲದಡಿ ಯಾಕೆ? ಜಗಳದಿಂದ. ಅದು ಬಡವರು, ನಿವೃತ್ತ ಕಾರ್ಮಿಕರು ಅಗ್ಗದ ಹೋಟೆಲ್ ಕೋಣೆಗಳಲ್ಲಿ ಬದುಕುತ್ತಿದ್ದ ಬಡಾವಣೆ. ಅದನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗಾಗಿ ಅವರನ್ನು ಎಬ್ಬಿಸಲು ಹೊರಟಾಗ ಅವರು ಸಂಘ ಕಟ್ಟಿ ಕೋರ್ಟಿಗೆ ಹೋದರು. ಜಾರ್ಜ್ ಮಾಸ್ಕೋನಿ ಕೂಡ 1960ರ ದಶಕದಲ್ಲಿ ಯೋಜನೆಯನ್ನು ವಿರೋಧಿಸಿದ್ದವರು. ಮುಂದೆ ಮೇಯರ್ ಆದಾಗ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದರು. 1976ರಲ್ಲಿ ಜನ ಮತ ಹಾಕಿ, ಹಾಲ್ ನೆಲದಡಿ ಇರಲಿ ಎಂಬ ರಾಜಿಯನ್ನು ಒಪ್ಪಿದರು. 1978ರಲ್ಲಿ ಮಾಸ್ಕೋನಿಯವರ ಕೊಲೆಯಾಯಿತು, ಕಟ್ಟಡಕ್ಕೆ ಅವರದೇ ಹೆಸರು ಬಂತು. ವಿಚಿತ್ರ ಅಲ್ವಾ?

ನಾವಾದರೆ ದೊಡ್ಡ ಪ್ರದರ್ಶನ ಅಂದರೆ ತುಮಕೂರು ರಸ್ತೆ ಹಿಡಿದು ಊರಾಚೆಯ ಮಾದಾವರಕ್ಕೆ ಹೋಗುತ್ತೇವೆ. ಊರೊಳಗೆ ಅಷ್ಟು ದೊಡ್ಡ ಪೆಟ್ಟಿಗೆ ಇಟ್ಟರೆ ಬೀದಿಯುದ್ದಕ್ಕೂ ಬರೀ ಗೋಡೆ, ಲಾರಿ.

ಕಂಬವಿಲ್ಲದ ಆ ಹಾಲ್‌ನ ಛಾವಣಿಯನ್ನು ಹೊತ್ತಿರುವುದು ಕಮಾನುಗಳು. ಈಗ ಕಮಾನಿಗೆ ಬರೋಣ. ಕಮಾನು ಭಾರವನ್ನು ಸುಮ್ನೆ ಕೆಳಕ್ಕೆ ಇಳಿಸುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ಇಲ್ಲ, ಅದು ತನ್ನ ಎರಡು ಕಾಲುಗಳನ್ನೂ ಹೊರಕ್ಕೆ ಒದೆಯುತ್ತದೆ. ಅಗಲ ಅಷ್ಟೇ ಇಟ್ಟು ಎತ್ತರ ಅರ್ಧ ಮಾಡಿದರೆ ಒದೆತ ಎರಡು ಪಟ್ಟಾಗುತ್ತದೆ. ಇಲ್ಲಿ ಛಾವಣಿ ಬೀದಿಯ ಮಟ್ಟದಲ್ಲೇ ಇರಬೇಕಿತ್ತು, ಹಾಗಾಗಿ ಕಮಾನು ಚಪ್ಪಟೆ, ಒದೆತ ಭಾರೀ. ಸುತ್ತಲಿನ ಮಣ್ಣನ್ನು ನಂಬಿ ಕಾಲು ಊರುವಂತಿಲ್ಲ.

ಎಂಜಿನಿಯರ್ ಟಿ. ವೈ. ಲಿನ್ ಹೂಡಿದ ಉಪಾಯ ಬಿಲ್ಲಿನದು. ಹೆದೆ ಬಿಗಿದರೆ ಬಿಲ್ಲಿನ ತುದಿಗಳು ಆಚೆ ಹೋಗಲಾರವು. ಜೋಡಿ ಜೋಡಿಯಾಗಿ 16 ಕಾಂಕ್ರೀಟ್ ಕಮಾನುಗಳು. ಅವುಗಳ ಒಂದು ಕಾಲಿನಿಂದ ಇನ್ನೊಂದಕ್ಕೆ, ನೆಲದ ಹಾಸಿನೊಳಗೆ, ಎಳೆದು ಬಿಗಿದ ಉಕ್ಕಿನ ಕೇಬಲ್‌ಗಳು. ನಡೆಯುವವರ ಕಾಲಡಿಯಲ್ಲೇ ಛಾವಣಿಯ ಒದೆತ ಅಡಗಿದೆ! ಇಂಥ ಕೇಬಲ್‌ಗಳನ್ನು ಒಮ್ಮೆಲೇ ಪೂರ್ತಿ ಎಳೆಯುವ ಹಾಗಿಲ್ಲ. ಮೇಲೆ ಭಾರ ಬೀಳುವ ಮುಂಚೆಯೇ ಎಳೆದರೆ ಕಮಾನು ಮೇಲಕ್ಕುಬ್ಬಿ ಬಿರುಕು ಬಿಡಬಹುದು. ಭಾರ ಏರಿದಂತೆ ಬಿಗಿಯೂ ಏರಬೇಕು.

ಇನ್ನೊಂದು ತೊಡಕು ನೀರು. ಹಾಲ್‌ನ ನೆಲ ಅಂತರ್ಜಲದ ಮಟ್ಟಕ್ಕಿಂತ ಕೆಳಗಿದೆ. ನೀರು ಹಾಸನ್ನು ಸದಾ ಮೇಲಕ್ಕೆ ನೂಕುತ್ತದೆ. ಒಳಗೆ ಬರೀ ಗಾಳಿ ತುಂಬಿದ ದೊಡ್ಡ ನೆಲಮಾಳಿಗೆ ತೇಲಲು ನೋಡುವುದು ಸಹಜ. ಅದನ್ನು ತಡೆಯಲು ತೂಕ ಬೇಕು. ಛಾವಣಿಯ ಮೇಲೆ 1998ರಲ್ಲಿ ಮಕ್ಕಳ ತೋಟ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಅಂಗಳ, ಐಸ್ ಸ್ಕೇಟಿಂಗ್ ರಿಂಕ್ ಬಂದವು. ಕಮಾನಿಗೆ ಅವು ಹೊರೆ. ತಳದಲ್ಲಿ ನೀರಿನ ನೂಕನ್ನು ಅದುಮುವ ಲೆಕ್ಕದಲ್ಲಿ ಅದೇ ಹೊರೆ ಲಾಭ.