ಕಲಬುರಗಿ ಬಿಸಿಲಲ್ಲಿ ನಾಯಿ, ಬೆಕ್ಕು: ಮನೆ ಆರೈಕೆಯ ಟಿಪ್ಪಣಿ

ಚೆನ್ನಾಗಿರುವ ನಾಯಿಯ ಮೈ ಎಷ್ಟು ಬಿಸಿ ಇರುತ್ತದೆ ಅಂತ ಗೊತ್ತಿಲ್ಲದಿದ್ದರೆ, ಜ್ವರ ಬಂದಿದೆ ಅಂತ ಹೇಳುವುದು ಹೇಗೆ? ಅದಕ್ಕೇ ಈ ಟಿಪ್ಪಣಿ ರೋಗಗಳಿಂದ ಶುರುವಾಗುವುದಿಲ್ಲ. ಪಶುಪಾಲನೆ ಹೊಸದಾಗಿ ಓದುತ್ತಿರುವವರು ಮೊದಲು ಆರೋಗ್ಯವಾಗಿರುವ ಪ್ರಾಣಿಯನ್ನು ಕೈಯಿಂದ ಮುಟ್ಟಿ, ಎಣಿಸಿ, ಬರೆದಿಟ್ಟುಕೊಳ್ಳಬೇಕು. ಮನೆಯಲ್ಲಿ ಸಾಕಿದ ಪ್ರಾಣಿ ಇದ್ದರೆ ಇದನ್ನು ಕಲಿಯೋದು ಸುಲಭ.

ನಾಯಿಯ ಸಹಜ ತಾಪಮಾನ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿನದು 100.5ರಿಂದ 102.5. ನಮ್ಮ ಮೈಗಿಂತ ಅವುಗಳ ಮೈ ಯಾವಾಗಲೂ ಸ್ವಲ್ಪ ಬೆಚ್ಚಗೇ ಇರುತ್ತದೆ. ಆದ್ದರಿಂದ ಮೂಗು ಮುಟ್ಟಿ ಒಣಗಿದೆ, ಜ್ವರ ಇದೆ ಅನ್ನೋದನ್ನು ಬಿಡಿ. ಡಿಜಿಟಲ್ ಥರ್ಮಾಮೀಟರ್ ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ ಇಟ್ಟು ನೋಡುವುದೇ ಸರಿಯಾದ ದಾರಿ. ಆ ಥರ್ಮಾಮೀಟರ್ ಅದಕ್ಕೆ ಮಾತ್ರ ಇರಲಿ.

ನಾಡಿ ಹಿಂಗಾಲಿನ ತೊಡೆಯ ಒಳಭಾಗದಲ್ಲಿ ಸಿಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ದೊಡ್ಡ ನಾಯಿಗೆ ನಿಮಿಷಕ್ಕೆ 60ರಿಂದ 100, ಸಣ್ಣ ನಾಯಿಗೆ 140ರ ತನಕ, ಬೆಕ್ಕಿಗೆ 140ರಿಂದ 220. ಪ್ರಾಣಿ ಮಲಗಿದ್ದಾಗ ಎದೆ ಏರಿಳಿಯುವುದನ್ನೂ ಎಣಿಸಿ. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಡಾಕ್ಟರಿಗೆ ಹೇಳಬೇಕು. ಕೊನೆಗೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳಗಿನ ಕಣ್ಣರೆಪ್ಪೆಯ ಒಳಭಾಗ ನೋಡಿದರಾಯ್ತು.

ಬಿಸಿಲಿನ ಹೊಡೆತ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಮಾತ್ರ ಸ್ವಲ್ಪ ಬೆವರು. ಉಳಿದ ಬಿಸಿಯನ್ನೆಲ್ಲ ಅದು ನಾಲಿಗೆ ಚಾಚಿ ಏದುಸಿರು ಬಿಟ್ಟೇ ಕಳೆಯಬೇಕು. ಬಾಯಿಯ ತೇವ ಆವಿಯಾದಂತೆ ರಕ್ತ ತಂಪಾಗುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಿನ ದಾರಿಯೇ ಕಿರಿದು. ಹಾಗಾಗಿ ಅವು ಎಲ್ಲಕ್ಕಿಂತ ಮೊದಲು ಸೋಲುತ್ತವೆ. ನೋಡಲು ಚೆಂದ ಅಂತ ಅಂಥ ತಳಿಯನ್ನು ಈ ಊರಿಗೆ ತರುವ ಮೊದಲು ಇದನ್ನು ಯೋಚಿಸಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಅಂಗಳದ ಶಹಾಬಾದ್ ಫರಸಿಯ ವಿಷಯ ಇಲ್ಲೇ ಹೇಳಬೇಕು. ಮನೆಯೊಳಗೆ ತಂಪು ಕೊಡುವ ಅದೇ ಕಲ್ಲು ಬಿಸಿಲಿಗೆ ಬಿದ್ದರೆ ಕಾದು ಹೆಂಚಾಗುತ್ತದೆ. ಕೈಯ ಹಿಂಭಾಗವನ್ನು ಕಲ್ಲಿನ ಮೇಲೆ ಏಳು ಸೆಕೆಂಡ್ ಇಡಿ. ನಿಮಗೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ವಾಕಿಂಗ್ ಏನಿದ್ದರೂ ಹೊತ್ತು ಏರುವ ಮೊದಲೇ ಮುಗಿಸಿ. ಸಂಜೆಯಾದರೂ ಡಾಂಬರು ರಸ್ತೆ ಬೇಗ ಆರುವುದಿಲ್ಲ, ಮುಟ್ಟಿ ನೋಡಿಯೇ ಹೊರಡಿ.

ಏದುಸಿರು ನಿಲ್ಲದೆ ಜೊಲ್ಲು ಸುರಿಯುತ್ತಿದ್ದರೆ, ಒಸಡು ಕಡು ಕೆಂಪಾಗಿದ್ದರೆ, ವಾಂತಿ ಮಾಡಿ ತೂರಾಡಿದರೆ ಬಿಸಿಲು ಹೊಡೆದಿದೆ ಅಂತಲೇ ತಿಳಿಯಿರಿ. ಅಷ್ಟು ಹೊತ್ತಿಗೆ ಮೈ 105 ಡಿಗ್ರಿ ಫ್ಯಾರನ್‌ಹೀಟ್ ದಾಟಿರಬಹುದು. ಮೊದಲು ನೆರಳು, ಆಮೇಲೆ ನೀರು, ಜೊತೆಗೆ ಫ್ಯಾನ್. ಆದರೆ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸುಡುತ್ತಿರುತ್ತದೆ, ಅಲ್ವಾ? ಅದನ್ನು ಹಾಕಬೇಡಿ. ಬೋರ್ ನೀರು ಅಥವಾ ಒಳಗೆ ತುಂಬಿಟ್ಟ ಕೊಡದ ನೀರು ಬಳಸಿ. ಹೊಟ್ಟೆ, ಕಂಕುಳು, ತೊಡೆಸಂದು ಚೆನ್ನಾಗಿ ನೆನೆಯಬೇಕು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ಐಸ್ ಬೇಡ, ಚರ್ಮದ ರಕ್ತನಾಳ ಕುಗ್ಗುತ್ತವೆ. ತಾಪಮಾನ 103.5ಕ್ಕೆ ಇಳಿದಾಗ ನೀರು ಹಾಕೋದು ನಿಲ್ಲಿಸಿ, ಇಲ್ಲದಿದ್ದರೆ ಮೈ ಅತಿಯಾಗಿ ತಣ್ಣಗಾಗುತ್ತದೆ. ನಾಯಿ ಎದ್ದು ಬಾಲ ಅಲ್ಲಾಡಿಸಿದರೂ ದವಾಖಾನೆಗೆ ಹೋಗಲೇಬೇಕು. ಮೂತ್ರಪಿಂಡದ ಪೆಟ್ಟು, ರಕ್ತ ಹೆಪ್ಪುಗಟ್ಟುವುದರಲ್ಲಿ ಆಗುವ ತೊಂದರೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು.

ಉಣ್ಣೆ

ನಾಯಿಯ ಮೈಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣ್ಣೆ (ಉಣುಗು) ಮನೆಯೊಳಗೇ ಬಾಳಬಲ್ಲದು. ಮರಿ, ನಡುವಿನ ಹಂತ, ದೊಡ್ಡದು, ಹೀಗೆ ಪ್ರತಿ ಹಂತದಲ್ಲೂ ರಕ್ತ ಕುಡಿದು ಕೆಳಗೆ ಬೀಳುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕಲ್ಲಿನ ಗೋಡೆ, ಫರಸಿಯ ಸಂದು ಅದಕ್ಕೆ ಹೇಳಿ ಮಾಡಿಸಿದ ಜಾಗ. ಬರೀ ನಾಯಿಗೆ ಸ್ನಾನ ಮಾಡಿಸಿದರೆ ಉಣ್ಣೆ ಮತ್ತೆ ಮತ್ತೆ ಬರುವುದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ. ಮಲಗುವ ಗೋಣಿಚೀಲವನ್ನು ಕುದಿಯುವ ನೀರಲ್ಲಿ ಒಗೆಯಿರಿ. ನಾಯಿಗೆ ಡಾಕ್ಟರ್ ಹೇಳಿದ ಔಷಧಿಯನ್ನು ತಿಂಗಳುಗಟ್ಟಲೆ ತಪ್ಪದೆ ಕೊಡಿ.

ಉಣ್ಣೆಯನ್ನು ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಿಂದ ಹಿಸುಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಉಣ್ಣೆ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರೋಗದಲ್ಲಿ ಜ್ವರ ಬರುತ್ತದೆ, ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಇಳಿದು ಮೂಗಿನಿಂದ ರಕ್ತ ಬರಬಹುದು. ಒಸಡಿನ ಸಹಜ ಬಣ್ಣ ನೋಡಿಟ್ಟುಕೊಂಡಿದ್ದರೆ ಬಿಳಿಚಿದ್ದು ಬೇಗ ಕಣ್ಣಿಗೆ ಬೀಳುತ್ತದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ವಾರದಲ್ಲಿ ನಾಯಿ ಚುರುಕಾಯಿತು ಅಂತ ಮಾತ್ರೆ ನಿಲ್ಲಿಸುವವರೇ ಜಾಸ್ತಿ. ಹಾಗೆ ಮಾಡಬೇಡಿ.

ಲಸಿಕೆ, ಜಂತು, ಊಟ

ನಾಯಿಮರಿಗೆ 6ರಿಂದ 8 ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಎಂಬ ಎರಡು ವೈರಸ್ ರೋಗಗಳ ಲಸಿಕೆ ಶುರು. 16 ವಾರ ಆಗುವ ತನಕ 2ರಿಂದ 4 ವಾರಕ್ಕೊಮ್ಮೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಯನ್ನು ಕೆಲಸ ಮಾಡಲು ಬಿಡದೇ ಇರಬಹುದು, ಅದಕ್ಕೇ ಇಷ್ಟು ಸಲ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಬೆಕ್ಕಿಗೂ ರೇಬಿಸ್ ಬರುತ್ತದೆ, ಅದಕ್ಕೂ ಹಾಕಿಸಿ. ಯಾರಿಗಾದರೂ ಕಚ್ಚಿದರೆ ಅರಿಶಿನ, ಸುಣ್ಣ, ಖಾರಪುಡಿ ಏನೂ ಹಚ್ಚದೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಲಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಜಂತುಹುಳುವಿನ ಔಷಧಿ ದೊಡ್ಡ ಪ್ರಾಣಿಗೆ ಮೂರು ತಿಂಗಳಿಗೊಮ್ಮೆ, ತೂಕ ನೋಡಿ.

ನಾಯಿಗೆ ಜೋಳದ ರೊಟ್ಟಿ ಕೊಡಬಹುದು, ಜೊತೆಗೆ ಮೊಟ್ಟೆಯೋ ಮಾಂಸವೋ ಇರಲಿ. ತೊಗರಿಬೇಳೆ ಕೊಡುವುದಾದರೆ ಒಗ್ಗರಣೆ ಹಾಕುವ ಮೊದಲೇ ತೆಗೆದಿಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ ಅಷ್ಟೇ.

ಬೆಕ್ಕಿನದು ಬೇರೆಯೇ ಲೆಕ್ಕ

ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಹಾಲು ರೊಟ್ಟಿಯ ಮೇಲೇ ಸಾಕಿದರೆ ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದೆ ಹೃದಯ ಸೋಲುತ್ತದೆ, ಕಣ್ಣು ಹೋಗುತ್ತದೆ. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ. ಬೆಕ್ಕು ಹಾಗೆ ಮಾಡಿದರೆ ಅಪಾಯ ಅಂತಲೇ ತಿಳಿಯಿರಿ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಇರುವ ಉಣ್ಣೆ ಔಷಧಿ ಬೆಕ್ಕಿಗೆ ತಗುಲಿದರೆ ನಡುಕ, ಸೆಳೆತ ಬಂದು ಜೀವವೇ ಹೋಗಬಹುದು. ಎರಡೂ ಒಂದೇ ಗೋಣಿಯ ಮೇಲೆ ಮಲಗುತ್ತಿದ್ದರೆ ಔಷಧಿ ಕೊಳ್ಳುವಾಗಲೇ ಅಂಗಡಿಯಲ್ಲಿ ಹೇಳಿ. ಜ್ವರಕ್ಕೆ ಅಂತ ಪ್ಯಾರಸಿಟಮಾಲ್ ಕೊಡಲೇಬೇಡಿ. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಕೊಲ್ಲಬಹುದು.

ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಲು ಶುರುವಾಗುತ್ತದೆ, ದಪ್ಪ ಬೆಕ್ಕಿಗಂತೂ ಇನ್ನೂ ಬೇಗ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕರಿಸಿ, ಕೂಗಿ, ಒಂದು ಹನಿ ಮೂತ್ರವೂ ಬರದಿದ್ದರೆ ಅದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸಬೇಡಿ. ಮೂತ್ರದ ದಾರಿ ಕಟ್ಟಿರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲಬಹುದು. ರಾತ್ರಿಯಾಗಿದ್ದರೂ ಡಾಕ್ಟರಿಗೆ ಫೋನ್ ಮಾಡಿ, ಬೆಳಗಿನ ತನಕ ಕಾಯಬೇಡಿ.